ಗಂಗೆ, ತೀಸ್ತಾ ಮತ್ತು ನಮ್ಮ ತರಗತಿ: ವಿದೇಶಾಂಗ ನೀತಿಯನ್ನು ನಾನು ಕಲಿಸುವ ಬಗೆ

ತುಮಕೂರಿನ ಪದವಿ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಎರಡು ರಾಷ್ಟ್ರಗಳ ಸಹಕಾರಕ್ಕೂ ಸಂಘರ್ಷಕ್ಕೂ ಇತಿಹಾಸ, ಭೌಗೋಳಿಕ ಸ್ಥಾನ, ಆರ್ಥಿಕ ಹಿತಾಸಕ್ತಿ, ನಾಯಕತ್ವ ಇವೇ ಕಾರಣಗಳೆಂದು ನೋಟ್ಸ್‌ನಲ್ಲಿ ಇರುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅವೇ ಎರಡು ದೇಶಗಳು ಒಂದು ನದಿಯ ವಿಷಯದಲ್ಲಿ ಒಪ್ಪಿ, ಇನ್ನೊಂದು ನದಿಯ ವಿಷಯದಲ್ಲಿ ಏಕೆ ಒಪ್ಪಲಿಲ್ಲ ಎಂಬುದಕ್ಕೆ ಆ ಪಟ್ಟಿಯಲ್ಲಿ ಉತ್ತರವಿಲ್ಲ. ಹಾಗಾಗಿ ನಾನು ಭಾರತ ಮತ್ತು ಬಾಂಗ್ಲಾದೇಶದ ನಡುವಿನ ಗಂಗೆ ಹಾಗೂ ತೀಸ್ತಾಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಪಾಠ ಮಾಡುತ್ತೇನೆ.

ಗಂಗೆಯ ಕವಲಾದ ಹೂಗ್ಲಿಯ ಹೂಳು ಕೊಚ್ಚಿಹೋಗಿ ಕೋಲ್ಕತ್ತ ಬಂದರು ಉಳಿಯಲೆಂದು ಪಶ್ಚಿಮ ಬಂಗಾಳದಲ್ಲಿ ಗಂಗೆಗೆ ಕಟ್ಟಿದ ಫರಕ್ಕಾ ಬ್ಯಾರೇಜ್ 1975ರಲ್ಲಿ ಕಾರ್ಯಾರಂಭ ಮಾಡಿದಾಗ, ಬೇಸಿಗೆಯಲ್ಲಿ ಕೆಳಗಿನ ಬಾಂಗ್ಲಾದೇಶಕ್ಕೆ ಎಷ್ಟು ನೀರು ಎಂಬ ತಕರಾರು ಗಟ್ಟಿಯಾಯಿತು. 1977ರ ಐದು ವರ್ಷಗಳ ಒಪ್ಪಂದದ ನಂತರ ತಾತ್ಕಾಲಿಕ ಏರ್ಪಾಡುಗಳಷ್ಟೇ ನಡೆದು, 1988ರ ಬಳಿಕ ಅವೂ ಇಲ್ಲವಾದವು. 1996ರ ಜೂನ್‌ನಲ್ಲಿ ದೆಹಲಿಯಲ್ಲಿ ನಮ್ಮ ಎಚ್.ಡಿ. ದೇವೇಗೌಡರೂ ಢಾಕಾದಲ್ಲಿ ಶೇಖ್ ಹಸೀನಾ ಅವರೂ ಪ್ರಧಾನಿಯಾದರು. ಡಿಸೆಂಬರ್ 12ಕ್ಕೆ 30 ವರ್ಷಗಳ ಒಪ್ಪಂದಕ್ಕೆ ಸಹಿ ಬಿತ್ತು. ಇದನ್ನು ನಾಯಕರ ಸ್ನೇಹದ ಫಲವೆಂದು ಬಿಟ್ಟುಬಿಡುವುದು ಸುಲಭ. ಸಹಿಗೆ ಮುನ್ನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಢಾಕಾಕ್ಕೆ ಹೋಗಿಬಂದಿದ್ದರು ಎಂಬುದೇ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ.

ಒಪ್ಪಂದದ ಸೂತ್ರವನ್ನು ಬೋರ್ಡಿನ ಮೇಲೆ ಲೆಕ್ಕ ಮಾಡಿಸುತ್ತೇನೆ. ಜನವರಿಯಿಂದ ಮೇ ಕೊನೆಯವರೆಗೆ ಹತ್ತು ಹತ್ತು ದಿನಗಳ ಅವಧಿಯಲ್ಲಿ ಫರಕ್ಕಾದ ಹರಿವನ್ನು ಹಂಚಬೇಕು. 70,000 ಕ್ಯೂಸೆಕ್‌ವರೆಗೆ ಸಮಪಾಲು. 70,000ದಿಂದ 75,000ದವರೆಗೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಹೆಚ್ಚಿದ್ದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಹರಿವು 72,000 ಇದ್ದರೆ ಯಾರಿಗೆಷ್ಟು ಎಂದು ಕೇಳಿದಾಗ ಮಕ್ಕಳು ಬೇಗನೆ 35,000 ಮತ್ತು 37,000 ಎನ್ನುತ್ತಾರೆ. ಹೇಮಾವತಿ ನಾಲೆಯ ಕೊನೆಯ ಭಾಗದ ಪಾಡು ಬಲ್ಲ ಕುಣಿಗಲ್ ಕಡೆಯ ವಿದ್ಯಾರ್ಥಿಯೊಬ್ಬ, "ಸಾರ್, ಲೆಕ್ಕ ಸರಿ ಇದೆ. ಅಳೆಯೋರು ಯಾರು?" ಎಂದು ಕೇಳಿದ. ಇಡೀ ಪಾಠದ ತಿರುಳು ಆ ಪ್ರಶ್ನೆಯಲ್ಲಿತ್ತು. ಫರಕ್ಕಾದಲ್ಲೂ ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯ ಬಳಿಯೂ ಹರಿವನ್ನು ದಾಖಲಿಸಲು ಎರಡೂ ಸರ್ಕಾರಗಳ ಜಂಟಿ ಸಮಿತಿಯ ತಂಡಗಳಿರಬೇಕೆಂದು ಒಪ್ಪಂದದಲ್ಲೇ ಬರೆದಿದೆ. ಪರಸ್ಪರ ನಂಬಿಕೆ ಇಲ್ಲದಿದ್ದರೂ ಅಳತೆಯನ್ನು ಇಬ್ಬರೂ ಕಣ್ಣಾರೆ ನೋಡುವಂತಿದ್ದರೆ ಸಹಕಾರ ನಡೆದುಕೊಂಡು ಹೋಗುತ್ತದೆ.

ಆಮೇಲೆ ತರಗತಿಯನ್ನು ದೆಹಲಿ, ಢಾಕಾ, ಕೋಲ್ಕತ್ತ (ತೀಸ್ತಾ ಹರಿಯುವ ಪಶ್ಚಿಮ ಬಂಗಾಳದ ಸರ್ಕಾರ) ಎಂದು ಮೂರು ಗುಂಪು ಮಾಡಿ, ತೀಸ್ತಾ ಮಾತುಕತೆಗೆ ಮೊದಲ ಎರಡು ಗುಂಪುಗಳನ್ನು ಮಾತ್ರ ಕೂರಿಸುತ್ತೇನೆ. ಅವರು ಹೇಗೋ ಒಂದು ಪಾಲಿಗೆ ಒಪ್ಪುತ್ತಾರೆ; ಕೋಲ್ಕತ್ತದವರಿಗೆ ಅದನ್ನು ಓದಿ ಹೇಳಿದ ಕೂಡಲೇ ಗಲಾಟೆ ಏಳುತ್ತದೆ. ವಾಸ್ತವದಲ್ಲೂ ಬಹುಮಟ್ಟಿಗೆ ಆದದ್ದು ಇದೇ. 2011ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಢಾಕಾಕ್ಕೆ ಹೊರಟಾಗ ಕರಡು ಸಿದ್ಧವಿತ್ತು, ಆದರೆ ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ನಿಯೋಗದಿಂದ ಹಿಂದೆ ಸರಿದರು, ಸಹಿ ಆಗಲಿಲ್ಲ. ಅಂತರರಾಷ್ಟ್ರೀಯ ಒಪ್ಪಂದವನ್ನು ಜಾರಿಗೊಳಿಸಲು ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದ್ದರೂ, ಮಮತಾ ಅವರ ಪಕ್ಷವೂ ಸೇರಿದಂತೆ ಮಿತ್ರಪಕ್ಷಗಳ ಬಲದ ಮೇಲೆ ನಿಂತ ಕೇಂದ್ರ ಸರ್ಕಾರ ಅದನ್ನು ಬಳಸುವ ಸ್ಥಿತಿಯಲ್ಲಿರಲಿಲ್ಲ. ನಷ್ಟ ಹೊರಬೇಕಾದವರನ್ನು ಹೊರಗಿಟ್ಟು ಎರಡು ರಾಜಧಾನಿಗಳು ಮಾಡಿಕೊಳ್ಳುವ ಸ್ನೇಹ ಬಾಳುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಂಗಾ ಒಪ್ಪಂದದ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ನವೀಕರಣಕ್ಕೆ ಇಬ್ಬರ ಸಮ್ಮತಿಯೂ ಬೇಕು. 2024ರ ಆಗಸ್ಟ್‌ನಲ್ಲಿ ಹಸೀನಾ ಅಧಿಕಾರ ಕಳೆದುಕೊಂಡ ಮೇಲೆ 1996ರ ವಾತಾವರಣ ಉಳಿದಿಲ್ಲ. ಹೊಸ ಮಾತುಕತೆಯಲ್ಲಿ ಯಾರು ಯಾರು ಕೂರಬೇಕು, ಹರಿವು 50,000 ಕ್ಯೂಸೆಕ್‌ಗಿಂತ ಕೆಳಗಿಳಿದ ವರ್ಷ ಏನು ಮಾಡಬೇಕು ಎಂಬುದನ್ನು ಕಾರಣ ಸಹಿತ ಬರೆದು ತರಲು ಈಗ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ.