ಹೊಸಬರಿಗೆ ಮಾರ್ಗದರ್ಶಿ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

ಊರು ಬಿಟ್ಟು ಬೆಂಗಳೂರಿನಲ್ಲಿ ಮನೆ ಮಾಡಿದ ಮೇಲೆ, ಅಮೆರಿಕದಲ್ಲಿರುವ ಮಗನೋ ಮಗಳೋ ಟಿಕೆಟ್ ಕಳಿಸುವ ದಿನ ಬಂದೇ ಬರುತ್ತದೆ. ಸಂಘಕ್ಕೆ ಬಂದವರು ಮೊದಲು ಕೇಳುವುದು "ಎಷ್ಟು ಕಿಲೋಮೀಟರ್?" ಎಂದು. ಅದಕ್ಕೂ ಉತ್ತರವಿದೆ, ಆದರೆ ಬಸ್ಸಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ದೂರ

ನೇರ ವಾಯುದೂರ ಸುಮಾರು 13,990 ಕಿ.ಮೀ. ಗೋಡೆಯ ನಕ್ಷೆಯಲ್ಲಿ ಗೆರೆ ಎಳೆದು ಅಳೆಯಬೇಡಿ. ಮಕ್ಕಳ ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿಹಿಡಿಯಿರಿ: ಅದು ಹೆಚ್ಚುಕಡಿಮೆ ಉತ್ತರಕ್ಕೇ ಏರಿ, ಆರ್ಕ್ಟಿಕ್ ವೃತ್ತ ದಾಟಿ ಆ ಕಡೆ ಇಳಿಯುತ್ತದೆ. ಹಾಗಾಗಿ ದೆಹಲಿ ದಾರಿಯಲ್ಲೇ ಸಿಗುವ ಊರು. ಬೆಂಗಳೂರು–ದೆಹಲಿ 1,710, ಅಲ್ಲಿಂದ ಮುಂದೆ 12,380. ಹೆಚ್ಚಾಗುವ ಸುತ್ತು ಬರೀ 100 ಕಿ.ಮೀ. ದುಬೈ ಮೇಲೆ ಹೋದರೆ ಸುಮಾರು 15,700.

ಇವೆಲ್ಲ ಕನಿಷ್ಠ ದೂರ. ಗಾಳಿ, ಹವಾಮಾನ, ಯಾವ ದೇಶದ ಆಕಾಶ ತೆರೆದಿದೆ ಎಂಬುದನ್ನು ನೋಡಿ ವಿಮಾನ ಸುತ್ತಿ ಬಳಸಿ ಹೋಗುತ್ತದೆ. ನೇರ ದೂರವನ್ನು ಗಂಟೆಗೆ 900 ಕಿ.ಮೀ. ಎಂದು ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ನಿಜವಾಗಿ ಹಿಡಿಯುವುದು ಅದಕ್ಕಿಂತ ಹೆಚ್ಚು. ನಡುವೆ ಇಳಿದು ಕಾಯುವ ಹೊತ್ತು ಬೇರೆ. ಟಿಕೆಟ್ ಆರಿಸುವಾಗ ಕಿಲೋಮೀಟರ್ ಬಿಟ್ಟು ಒಟ್ಟು ಗಂಟೆ ನೋಡಿ.

ತಾರೀಖು (ಇದನ್ನು ಎರಡು ಸಲ ಓದಿ)

ಟಿಕೆಟ್‌ನಲ್ಲಿ 15ನೇ ತಾರೀಖು 01:40 ಎಂದಿದ್ದರೆ, 14ರ ರಾತ್ರಿ ಮನೆಯಿಂದ ಹೊರಡಬೇಕು. 15ರ ರಾತ್ರಿ ಊಟ ಮುಗಿಸಿ ಹೋದರೆ ವಿಮಾನ ಹೋಗಿ ಇಪ್ಪತ್ತು ಗಂಟೆಯಾಗಿರುತ್ತದೆ. ಸೂರ್ಯೋದಯದಿಂದ ದಿನ ಎಣಿಸುವುದು ಪಂಚಾಂಗಕ್ಕೆ ಸರಿ. ಟಿಕೆಟ್‌ನಲ್ಲಿ ತಾರೀಖು ಬದಲಾಗುವುದು ರಾತ್ರಿ 12ಕ್ಕೆ. ಕ್ಯಾಲೆಂಡರಿನಲ್ಲಿ 14ರ ಮೇಲೆಯೇ "ಇಂದು ರಾತ್ರಿ" ಎಂದು ಕೆಂಪಿನಲ್ಲಿ ಬರೆದಿಡಿ. ಓದಿದವರೇ ಇಲ್ಲಿ ಎಡವುತ್ತಾರೆ, ದಯವಿಟ್ಟು ಉದಾಸೀನ ಬೇಡ.

ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅವರ ಬೇಸಿಗೆ ಸಮಯದಲ್ಲಿ, ಅಂದರೆ ಮಾರ್ಚ್‌ನಿಂದ ನವೆಂಬರ್‌ವರೆಗೆ, ಹನ್ನೆರಡೂವರೆ. ಬರುವಾಗ ದಿನ ಕರಗುತ್ತದೆ. ಉತ್ತರ ಧ್ರುವದ ದಾರಿಯಲ್ಲಿ ಬಂದ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ, ಮಹಿಳಾ ಪೈಲಟ್‌ಗಳೇ ನಡೆಸಿದ್ದು, 2021ರ ಜನವರಿ 9ರಂದು ಅಲ್ಲಿಂದ ಹೊರಟು ಇಲ್ಲಿ ಇಳಿದದ್ದು 11ರಂದು. ಮದುವೆ, ಗೃಹಪ್ರವೇಶಕ್ಕೆ ಬರುವವರಿಗೆ ಇದನ್ನು ಮೊದಲೇ ಹೇಳಿ.

ಎರಡು ಟಿಕೆಟ್

ನಡುವೆ ವಿಮಾನ ಬದಲಿಸುವುದಾದರೆ ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಕೊಂಡರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ನಿಮ್ಮದೇ. ನಡುವೆ ಇಳಿಯುವ ದೇಶಕ್ಕೆ ವೀಸಾ ಬೇಕೇ ಎಂದು ಕೇಳಿಕೊಳ್ಳಿ. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಸಾಮಾನು ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕಾಗುತ್ತದೆ. ಅಲ್ಲಿ ಮೂರು ಗಂಟೆಯಾದರೂ ಬಿಡುವಿರಲಿ.

ನಿಲ್ದಾಣ

2008ರ ಮೇ 24ರಿಂದ ದೇವನಹಳ್ಳಿ ಕಡೆಯ ಕೆಂಪೇಗೌಡ ವಿಮಾನ ನಿಲ್ದಾಣ, ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ ಹೋಗಬೇಡಿ. ವಿದೇಶಕ್ಕೆ ಟರ್ಮಿನಲ್ 2. ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸಿದೆ. ಮೂರು ಗಂಟೆ ಮೊದಲು ಅಲ್ಲಿರಬೇಕು, ದಾರಿಯ ಹೆಬ್ಬಾಳದ ವಾಹನ ದಟ್ಟಣೆಗೆಂದು ಇನ್ನೊಂದು ಗಂಟೆ ಸೇರಿಸಿ. ರಾಹುಕಾಲ ನೋಡುವವರು ಅದಕ್ಕೆ ಮುಂಚೆಯೇ ಹೊರಡಿ, ಕಳೆಯಲಿ ಎಂದು ಕಾಯಬೇಡಿ. ಕೌಂಟರಿನಲ್ಲಿ ಕನ್ನಡದಲ್ಲೇ ಮಾತು ಶುರು ಮಾಡಿ, ಸಂಕೋಚ ಬೇಡ.

ಸಾಮಾನು

- ಕೊಬ್ಬರಿ ಗಿಟುಕು: ಎಣ್ಣೆಯಂಶದಿಂದ ಬೆಂಕಿಯ ಅಪಾಯ, ಚೆಕ್-ಇನ್‌ನಲ್ಲಿ ಇಡಬೇಡಿ
- ಕರಿಬೇವು, ಮಾವಿನಹಣ್ಣು: ಒಯ್ಯಬೇಡಿ
- ತುಪ್ಪ, ಉಪ್ಪಿನಕಾಯಿ: ಕೈಚೀಲದಲ್ಲಿ ಬೇಡ
- ಪವರ್ ಬ್ಯಾಂಕ್: ಕೈಚೀಲದಲ್ಲಿ ಮಾತ್ರ
- ಮಾತ್ರೆ, ವೈದ್ಯರ ಚೀಟಿ: ಕೈಚೀಲ
- ಮಗನ ವಿಳಾಸ, ಫೋನ್ ನಂಬರ್: ಕಾಗದದ ಮೇಲೆ