ನನ್ನ ಅನುಭವ: ಆಡಿಟ್ ವರದಿ ಹಿಡಿದು ಸೊಸೈಟಿ ದುಡ್ಡು ವಾಪಸ್ ತರಿಸಿದ್ದು

ನಮ್ಮ ಸೊಸೈಟಿಯ ದುಡ್ಡು ವಾಪಸ್ ಬಂತು. ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಹೋಗಿದ್ದು ಸುಮಾರು 31 ಲಕ್ಷ, ಇವತ್ತಿಗೆ 23 ಲಕ್ಷದ ಹತ್ತಿರ ಜಮಾ ಆಗಿದೆ. ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆ ಕಡೆಯ ಒಂದು ಸಣ್ಣ ಕೃಷಿ ಪತ್ತಿನ ಸಂಘಕ್ಕೆ ಇದು ದೊಡ್ಡ ಮೊತ್ತ. 'ಕಲಂ 64ರ ವಿಚಾರಣೆ ಆಗದೆ 69 ಹಾಕೋಕೆ ಬರಲ್ಲ, ಸುಮ್ನೆ ಓಡಾಡಬೇಡ' ಎಂದು ನನಗೆ ಹೇಳಿದವರಲ್ಲಿ ವಕೀಲರೂ ಇದ್ದರು, ಬೇರೆ ಸಂಘದ ಹಳೇ ಕಾರ್ಯದರ್ಶಿಗಳೂ ಇದ್ದರು. 64 ಎಂದರೆ ಸಹಕಾರ ಇಲಾಖೆ ಸಂಘದ ಮೇಲೆ ಮಾಡಿಸುವ ವಿಚಾರಣೆ, 69 ಎಂದರೆ ಸಂಘಕ್ಕೆ ನಷ್ಟ ಮಾಡಿದವರ ಮೇಲೇ ಆ ದುಡ್ಡು ಹೊರಿಸುವ ಅಧಿಭಾರ. ಬರುತ್ತದೆ. ಬಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಂಘದಲ್ಲಿ ಓಡಾಡದವರಿಗೆ ಒಂದೆರಡು ಮಾತು. ನಾನು ಹೇಳುವ ಕಲಂಗಳೆಲ್ಲ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯವು. ನಿಬಂಧಕರು ಎಂದರೆ ಸಂಘಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಅಧಿಕಾರಿ (ರಿಜಿಸ್ಟ್ರಾರ್), ಎಆರ್ ಎಂದರೆ ಸಹಾಯಕ ನಿಬಂಧಕರು.

ವಿಷಯ ಹೊರಗೆ ಬಿದ್ದಿದ್ದು 2018ರ ಸಾಲಮನ್ನಾದಲ್ಲಿ. ಸಹಕಾರ ಸಂಘಗಳ ಬೆಳೆ ಸಾಲ 1 ಲಕ್ಷದವರೆಗೆ ಮನ್ನಾ ಎಂದು ಪಟ್ಟಿ ಬಂತಲ್ವಾ, ಅದರಲ್ಲಿ ಸಾಲ ಕಟ್ಟಿ ಮುಗಿಸಿದವರ ಹೆಸರೂ ಇತ್ತು. ಕೆಲವರು ಮನ್ನಾ ಆಯ್ತಲ್ಲ ಎಂದು ಸುಮ್ಮನಾದರು. ಒಬ್ಬ ಅಜ್ಜಿ ಮಾತ್ರ ಬಿಡಲಿಲ್ಲ. 'ನಾನು ಕಟ್ಟೀನಪ್ಪಾ, ನನ್ನ ಹೆಸರು ಯಾಕೆ ಬಂತು?' ಎಂದು ಮನೆಗೇ ಬಂದರು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ರಸೀದಿ ಮಡಚಿ ಇಟ್ಟಿದ್ದರು. 40,000 ರೂಪಾಯಿ, ಸಂಘದ ಸೀಲು, ಕಾರ್ಯದರ್ಶಿ ಸಹಿ, ಎಲ್ಲ ಸರಿ ಇತ್ತು. ಅದೇ ನಂಬರಿನ ರಸೀದಿಯ ಕಾರ್ಬನ್ ನಕಲನ್ನು ಮುಂದೆ ಯಾವತ್ತೋ ನೋಡುವ ಅವಕಾಶ ಸಿಕ್ಕಿತು. ಅದರಲ್ಲಿ 4,000 ಇತ್ತು. ಅಸಲು ಬರೆಯುವಾಗ ಕಾರ್ಬನ್ ಹಾಳೆ ತೆಗೆದು, ಆಮೇಲೆ ನಕಲನ್ನು ಬೇರೆಯಾಗಿ ಬರೆದಿದ್ದರು. ನಕಲಿನ ಅಕ್ಷರದಲ್ಲಿ ಪೆನ್ನು ಒತ್ತಿದ ಗುರುತು ಇತ್ತು, ಕಾರ್ಬನ್ನಿನ ನೀಲಿ ಇರಲಿಲ್ಲ. ಬೆರಳು ಆಡಿಸಿದರೆ ಗೊತ್ತಾಗುತ್ತಿತ್ತು.

ಉಳಿದ 36,000 ಸಾಲವಾಗಿಯೇ ಉಳಿಯಿತು. ಪ್ರತಿ ವರ್ಷ ಹಳೇ ಸಾಲ ತೀರಿತು, ಹೊಸದು ಕೊಟ್ಟೆವು ಎಂದು ಪುಸ್ತಕದಲ್ಲೇ ನವೀಕರಣ. ಸುಸ್ತಿ, ಅಂದರೆ ಅವಧಿ ಮೀರಿದ ಬಾಕಿ, ಕಾಣುವುದೇ ಇಲ್ಲ, ಸಂಘಕ್ಕೆ ಸಾಲ ಕೊಡುವ ಜಿಲ್ಲಾ ಸಹಕಾರ ಕೇಂದ್ರ (ಡಿಸಿಸಿ) ಬ್ಯಾಂಕಿನ ಮೇಲ್ವಿಚಾರಕರಿಗೆ ವಸೂಲಾತಿ ಚೆನ್ನಾಗಿದೆ ಅನ್ನಿಸುತ್ತದೆ. ನವೀಕರಣದ ಪಟ್ಟಿಗೆ ಆಡಳಿತ ಮಂಡಳಿ ಠರಾವು ಮಾಡಿ ಸಹಿ ಹಾಕುತ್ತದೆ. ಬಡ್ಡಿ ಇಲ್ಲದ ಸಾಲ ಆದ್ದರಿಂದ ಸದಸ್ಯರಿಗೂ ನೋಟಿಸ್ ಬರುವುದಿಲ್ಲ, ಅನುಮಾನವೂ ಬರುವುದಿಲ್ಲ. ಶೂನ್ಯ ಬಡ್ಡಿ ಸಾಲ ಕೊಡುವ ಪ್ರತಿಯೊಂದು ಸಂಘದವರೂ ಇದನ್ನು ಒಮ್ಮೆ ನೋಡಿಕೊಳ್ಳಿ ಎಂದು ಕೈ ಮುಗಿದು ಹೇಳುತ್ತೇನೆ.

ಆಗ ನಾನು ನಿರ್ದೇಶಕ, ಸಾಲಗಾರರ ಕ್ಷೇತ್ರದಿಂದ ಗೆದ್ದಿದ್ದೆ. ಹನ್ನೆರಡು ಜನರ ಮಂಡಳಿಯಲ್ಲಿ ನಾವು ಮೂವರು ಒಂದು ಕಡೆ. ನಿರ್ದೇಶಕನಾದರೂ ಲೆಡ್ಜರ್ ನೋಡಲು ಬಿಡುತ್ತಿರಲಿಲ್ಲ. ಬೀರುವಿನ ಕೀಲಿ ಯಾವಾಗಲೂ ಬೇರೆ ಊರಲ್ಲೇ ಇರುತ್ತಿತ್ತು.

ಮೊದಲು ಪೊಲೀಸ್ ಠಾಣೆಗೆ ಹೋದೆವು. ಇಲಾಖೆಯವರು ದೂರು ಕೊಡಲಿ, ಎಷ್ಟು ಹೋಗಿದೆ ಎಂದು ಅವರೇ ಬರೆದುಕೊಡಲಿ ಎಂದರು. ಆಮೇಲೆ ಸಿವಿಲ್ ದಾವೆ. ಇದಕ್ಕೆ 18,000 ಹೋಯಿತು, ಮೂವರೂ ಹಂಚಿಕೊಂಡೆವು. ಕಲಂ 118 ಇರುವಾಗ ಸಂಘದ ಆಡಳಿತದ ವ್ಯಾಜ್ಯವನ್ನು ಸಿವಿಲ್ ಕೋರ್ಟು ಮುಟ್ಟುವ ಹಾಗಿಲ್ಲ, ಕಲಂ 70ರಲ್ಲಿ ನಿಬಂಧಕರ ಮುಂದೆ ಹೋಗಬೇಕು ಎಂದು ದಾವೆ ಬಿದ್ದುಹೋಯಿತು. ದಾವೆ ಹಾಕಿಸಿದ ವಕೀಲರು ಇದನ್ನು ಮೊದಲ ದಿನವೇ ಹೇಳಬೇಕಿತ್ತು. ಆ ದುಡ್ಡಿನ ಬಗ್ಗೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆ ವರ್ಷ ಮಳೆ ಕೈಕೊಟ್ಟು ಮೆಕ್ಕೆಜೋಳ ಅರ್ಧಕ್ಕರ್ಧ ಹೋಗಿತ್ತು.

ಕಲಂ 64ರ ವಿಚಾರಣೆಗೂ ಅರ್ಜಿ ಕೊಟ್ಟೆವು. ನಿಬಂಧಕರು ತಾವೇ ಮನಸ್ಸು ಮಾಡಿದರೂ ಆದೇಶ ಮಾಡಬಹುದು. ಆದೇಶವೇನೋ ಆಯಿತು. ವಿಚಾರಣಾಧಿಕಾರಿ ಬಂದಾಗ ದಾಖಲೆ ಇಲ್ಲ, ದಾಖಲೆ ಬಂದಾಗ ಅಧಿಕಾರಿಗೆ ವರ್ಗ. ಹೊಸಬರು ಮತ್ತೆ ಮೊದಲಿಂದ ಶುರು. ಅಷ್ಟರಲ್ಲಿ ಕಾರ್ಯದರ್ಶಿ ತನ್ನ ಅಡಿಕೆ ತೋಟಕ್ಕೆ ಗಿರಾಕಿ ನೋಡುತ್ತಿದ್ದಾನೆ ಎಂದು ಸುದ್ದಿ. ಊರಲ್ಲಿ ಅರ್ಧ ಜನ ಇನ್ನು ಆಸೆ ಬಿಡಿ ಎಂದಿದ್ದು ಆಗಲೇ.

ಕಲಂ 69ನ್ನು ಇನ್ನೊಮ್ಮೆ ನಿಧಾನಕ್ಕೆ ಓದಿದ್ದು ಆ ಮಳೆಗಾಲದಲ್ಲಿ. 64ರ ವಿಚಾರಣೆಯಲ್ಲಿ ಕಂಡುಬಂದರೆ ಎಂದಷ್ಟೇ ಅದರಲ್ಲಿ ಇಲ್ಲ. 63ರ ಲೆಕ್ಕಪರಿಶೋಧನೆಯಲ್ಲಿ, 65ರ ಪರಿವೀಕ್ಷಣೆಯಲ್ಲಿ, ಸಂಘವನ್ನು ಮುಚ್ಚುವ ಸಮಾಪನೆಯಲ್ಲಿ ಕಂಡುಬಂದರೂ ಆಗುತ್ತದೆ. ಅಂದರೆ ಆಡಿಟ್ ವರದಿಯಲ್ಲಿ ಕೊರತೆ ಅಂಕಿ ಸಮೇತ ಬಂದುಬಿಟ್ಟರೆ, ಅದರ ಮೇಲೇ ಅಧಿಭಾರದ ನಡಾವಳಿ ಶುರು ಮಾಡಬಹುದು. 64 ಅದರ ಪಾಡಿಗೆ ನಡೆಯಲಿ. ಆಡಿಟ್ ಹೇಗೂ ವರ್ಷಕ್ಕೊಮ್ಮೆ ಆಗಲೇಬೇಕು, ಅದನ್ನು ಯಾರೂ ತಪ್ಪಿಸಲಾರರು. ಆಡಿಟರ್ ಕೈಗೆ ಅವರು ತಳ್ಳಿಹಾಕಲಾಗದಂಥ ಕಾಗದ ಕೊಡುವುದು, ನಮ್ಮ ಕೆಲಸ ಇಷ್ಟೇ ಎಂದು ನಿರ್ಧಾರ ಮಾಡಿದೆ.

ಕಾಗದ ಎಲ್ಲಿಂದ ತರುವುದು? ಸಂಘಕ್ಕೇ ಮಾಹಿತಿ ಹಕ್ಕು ಅರ್ಜಿ ಹಾಕಿದ್ದಕ್ಕೆ ಒಂದೇ ಸಾಲಿನ ಉತ್ತರ ಬಂತು. ಸುಪ್ರೀಂ ಕೋರ್ಟು 2013ರಲ್ಲಿ ಕೇರಳದ ತಲಪ್ಪಲಂ ಬ್ಯಾಂಕಿನ ಕೇಸಿನಲ್ಲಿ ಸಹಕಾರ ಸಂಘ ಮಾಹಿತಿ ಹಕ್ಕಿನಡಿ ಉತ್ತರ ಕೊಡಬೇಕಾದ ಸಾರ್ವಜನಿಕ ಪ್ರಾಧಿಕಾರ ಅಲ್ಲ ಎಂದಿದೆ, ಕೊಡುವುದಿಲ್ಲ ಎಂದು. ಆ ತೀರ್ಪಿನ ಮೊದಲರ್ಧ ಮಾತ್ರ ಎಲ್ಲರೂ ಹೇಳುತ್ತಾರೆ. ನಿಬಂಧಕರು ಸಾರ್ವಜನಿಕ ಪ್ರಾಧಿಕಾರವೇ, ಕಾನೂನಿನ ಪ್ರಕಾರ ಅವರು ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಅವರ ಮೂಲಕ ಕೇಳಬಹುದು ಎಂದು ಅದೇ ತೀರ್ಪು ಹೇಳುತ್ತದೆ. ಹಾಗಾಗಿ ಎಆರ್ ಆಫೀಸಿಗೆ ಅರ್ಜಿ ಹಾಕಿದೆ. ಹಿಂದಿನ ವರ್ಷಗಳ ಆಡಿಟ್ ವರದಿ, ಜೊತೆಗೆ ಅನುಬಂಧಗಳು. ಅನುಬಂಧ ಎಂದು ಬಿಡಿಸಿ ಬರೆಯಲೇಬೇಕು, ಇಲ್ಲದಿದ್ದರೆ ಮುಖಪುಟದ ನಾಲ್ಕು ಹಾಳೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಸದಸ್ಯವಾರು ಸಾಲ ಬಾಕಿ ಪಟ್ಟಿ ಇರುವುದು ಅನುಬಂಧದಲ್ಲೇ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಅದಕ್ಕೇ ವರ್ಷಕ್ಕೊಂದರಂತೆ ಬೇರೆ ಬೇರೆ ಅರ್ಜಿ ಹಾಕಿದೆ. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಎಲ್ಲ ಸೇರಿ ಎರಡು ಸಾವಿರದ ಒಳಗೇ ಮುಗಿಯಿತು. 18,000ದ ದಾವೆಯಲ್ಲಿ ಸಿಗದ್ದು ಇಷ್ಟರಲ್ಲಿ ಸಿಕ್ಕಿತು.

ಆಮೇಲಿನದು ಮೈಮುರಿಯುವ ಕೆಲಸ. ಮನೆಮನೆಗೆ ಹೋಗಿ ರಸೀದಿ, ಪಾಸ್‌ಬುಕ್ ಜೆರಾಕ್ಸ್ ತಂದೆವು. ಊರಿನ ಇಬ್ಬರು ಡಿಗ್ರಿ ಹುಡುಗರು ಜೊತೆಗಿದ್ದರು. ರಸೀದಿ ನಂಬರ್, ತಾರೀಖು, ಸದಸ್ಯ ಕಟ್ಟಿದ್ದು, ಅನುಬಂಧದಲ್ಲಿ ಬಾಕಿ ತೋರಿಸಿದ್ದು, ವ್ಯತ್ಯಾಸ. ಇಷ್ಟೇ ಕಾಲಂ. ಪ್ರತಿ ಸಾಲಿನ ಮುಂದೆ ಸದಸ್ಯರ ಸಹಿ ಇಲ್ಲವೇ ಹೆಬ್ಬೆಟ್ಟು. ಇನ್ನೂರಕ್ಕೂ ಜಾಸ್ತಿ ಸದಸ್ಯರ ತಾಳೆ ಪಟ್ಟಿ ಆಯಿತು. ಕೆಲವರು ಕೊಡಲಿಲ್ಲ. ಮುಂದಿನ ಸಾಲ ಸಿಗದೇ ಹೋದರೆ ಎಂಬ ಭಯ. ಒಬ್ಬ ದೊಡ್ಡಪ್ಪನಿಗಂತೂ ಕಾರ್ಯದರ್ಶಿಯೇ ಹೋಗಿ ರಸೀದಿ ವಾಪಸ್ ಕೇಳಿದ್ದನಂತೆ. ಆತ ಜಾಣ, ಅಸಲು ನನಗೆ ಕೊಟ್ಟು ಜೆರಾಕ್ಸನ್ನು ಅವನಿಗೆ ಕೊಟ್ಟ.

ಒಂದು ಪ್ರಯೋಗ ಕೈ ಕೊಟ್ಟಿತು. ಎಲ್ಲರ ಬಾಕಿ ಪಟ್ಟಿಯನ್ನು ದೇವಸ್ಥಾನದ ಕಟ್ಟೆಯಲ್ಲಿ ಅಂಟಿಸಿದರೆ ಜನ ತಾವೇ ಬಂದು ತಾಳೆ ನೋಡುತ್ತಾರೆ ಎಂದುಕೊಂಡಿದ್ದೆವು. ಸಂಜೆಗೆ ಜಗಳ. ನನ್ನ ಸಾಲ ಊರಿಗೆಲ್ಲ ಯಾಕೆ ತೋರಿಸಿದಿರಿ ಎಂದು. ನಿಜ, ಮರ್ಯಾದೆ ಪ್ರಶ್ನೆ ಅದು. ಪಟ್ಟಿ ತೆಗೆದು, ಒಬ್ಬೊಬ್ಬರಿಗೇ ಚೀಟಿ ಕೊಡುವ ಪದ್ಧತಿ ಮಾಡಿದೆವು. ಅದು ಚೆನ್ನಾಗಿ ಕೆಲಸ ಮಾಡಿತು. ಈಗ ನಮ್ಮ ಸಂಘದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಅದೇ ಚೀಟಿ ಹೋಗುತ್ತದೆ.

ಪಟ್ಟಿಯನ್ನು ಆಡಿಟ್ ಮುಗಿಯುವ ಮೊದಲೇ ಕೊಡಬೇಕು. ಇದು ಬಹಳ ಮುಖ್ಯ. ವರದಿಗೆ ಸಹಿ ಬಿದ್ದ ಮೇಲೆ ಕೊಟ್ಟರೆ ಅದು ಬರೀ ದೂರು, ಮೊದಲೇ ಕೊಟ್ಟರೆ ಲೆಕ್ಕದ ಭಾಗ. ಸುಸ್ತಿ ಸಾಲ ಪರಿಶೀಲಿಸುವುದು, ನಗದು ತಾಳೆ ನೋಡುವುದು, ಆಸ್ತಿ ಹೊಣೆ ಮೌಲ್ಯ ಮಾಡುವುದು ಆಡಿಟರ್ ಮಾಡಲೇಬೇಕಾದ ಕೆಲಸ ಎಂದು 63ರಲ್ಲೇ ಇದೆ. ಆಡಿಟರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಪ್ರತಿಗಳು ಎಆರ್ ಕಚೇರಿಗೆ, ಸಹಕಾರ ಲೆಕ್ಕಪರಿಶೋಧನೆ ಇಲಾಖೆಗೆ, ಡಿಸಿಸಿ ಬ್ಯಾಂಕಿಗೆ ಒಂದೇ ದಿನ ಹೋದವು. ಆಡಿಟರೂ ಅವರ ಕಡೆಯವರೇ ಎಂದು ಎಲ್ಲರೂ ಹೆದರಿಸಿದ್ದರು. ಇರಬಹುದು. ಆದರೆ ನಾಲ್ಕು ಕಡೆ ಸೀಲು ಬಿದ್ದ ಪಟ್ಟಿಯನ್ನು ನೋಡಿಲ್ಲ ಎಂದು ಬರೆಯುವ ಧೈರ್ಯ ಯಾವ ಆಡಿಟರಿಗೂ ಇರುವುದಿಲ್ಲ. ಪಟ್ಟಿಯ ಜೊತೆಗಿಟ್ಟ ಮುಖಪತ್ರದಲ್ಲಿ ಒಂದು ವಾಕ್ಯ ಇತ್ತು, ಅದೇ ಎಲ್ಲವನ್ನೂ ತಿರುಗಿಸಿದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ಅಕ್ಕಪಕ್ಕದ ಎರಡು ಸಂಘಗಳಲ್ಲಿ ಅದೇ ವಾಕ್ಯದ ಮೇಲೆ ಕೆಲಸ ನಡೆಯುತ್ತಿದೆ, ಎದುರಿನವರೂ ಇದನ್ನು ಓದುತ್ತಾರೆ.

ವರದಿಯಲ್ಲಿ ಸುಮಾರು 31 ಲಕ್ಷದ ಕೊರತೆ ಎಂದು ಬಂತು. 69ರ ನೋಟಿಸು ಕಾರ್ಯದರ್ಶಿಗೆ ಮಾತ್ರ ಅಲ್ಲ, ಠರಾವು ಮಾಡಿದ ಮಂಡಳಿಯ ಎಲ್ಲ ನಿರ್ದೇಶಕರಿಗೂ ಬಂತು. ನನಗೂ ಬಂತು. ನಿರ್ದೇಶಕರಾಗಿರುವವರು ಈ ಭಾಗ ಗಮನ ಇಟ್ಟು ಓದಿ. ದುಡ್ಡು ಮುಟ್ಟಿದವನಷ್ಟೇ 69ರಲ್ಲಿ ಸಿಗುವುದಲ್ಲ. ಉದ್ದೇಶಪೂರ್ವಕ ನಿರ್ಲಕ್ಷ್ಯದಿಂದ ಸಂಘಕ್ಕೆ ನಷ್ಟ ಮಾಡಿದವನೂ ಸಿಗುತ್ತಾನೆ, ಮಾಜಿ ಆದರೂ ಬಿಡುವುದಿಲ್ಲ. ಕಾರ್ಯದರ್ಶಿ ಹೇಳಿದ, ಸಹಿ ಹಾಕಿದೆ ಎಂಬ ಉತ್ತರ ವಿಚಾರಣೆಯಲ್ಲಿ ನಿಲ್ಲಲಿಲ್ಲ.

ನಾವು ಮೂವರು ಉಳಿದಿದ್ದು ಭಿನ್ನಮತದಿಂದ. ನವೀಕರಣದ ಪಟ್ಟಿ ಸಭೆಗೆ ಬಂದಾಗಲೆಲ್ಲ ರಸೀದಿ ತಾಳೆ ನೋಡದೆ ಒಪ್ಪುವುದಿಲ್ಲ ಎಂದು ಹೇಳುತ್ತಿದ್ದೆವು. ನಡವಳಿ ಪುಸ್ತಕದಲ್ಲಿ ಅದನ್ನು ಬರೆಯುತ್ತಿರಲಿಲ್ಲ. ಹಾಗಾಗಿ ಸಭೆ ಮುಗಿದ ದಿನವೇ ಅಂಚೆ ಕಚೇರಿಗೆ ಹೋಗಿ, ಸಭೆಯ ತಾರೀಖು, ವಿಷಯ ಸಂಖ್ಯೆ, ನಮ್ಮ ಅಸಮ್ಮತಿ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಸಂಘಕ್ಕೊಂದು, ಎಆರ್ ಆಫೀಸಿಗೊಂದು ಕಳಿಸುತ್ತಿದ್ದೆವು. ಸ್ವೀಕೃತಿ ಕಾರ್ಡುಗಳನ್ನು ತಾರೀಖಿನ ಪ್ರಕಾರ ಹೊಲಿದು ಇಟ್ಟಿದ್ದೆ. ವಿಚಾರಣೆಯ ದಿನ ಆ ಕಟ್ಟನ್ನು ಮೇಜಿನ ಮೇಲೆ ಇಟ್ಟೆ. ಅಧಿಕಾರಿ ಒಂದೊಂದನ್ನೇ ತಿರುವಿ ನೋಡಿದರು, ಅಂಚೆ ಮುದ್ರೆಯ ತಾರೀಖನ್ನು ಸಭೆಯ ತಾರೀಖಿಗೆ ಹೋಲಿಸಿದರು. ನಮ್ಮ ಮೂವರ ಹೆಸರು ಆದೇಶದಲ್ಲಿ ಬರಲಿಲ್ಲ.

ಎದುರು ಕಡೆಯ ವಕೀಲರು ಒಂದು ಒಳ್ಳೇ ವಾದ ತಂದಿದ್ದರು. ಸಹಕಾರ ಸಂಘಗಳ ಬಗ್ಗೆ ತಂದ ಸಂವಿಧಾನದ 97ನೇ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2021ರ ಜುಲೈನಲ್ಲಿ ರಾಜ್ಯದ ಸಂಘಗಳ ಮಟ್ಟಿಗೆ ರದ್ದು ಮಾಡಿದೆ, ಆ ತಿದ್ದುಪಡಿಗೆ ಹೊಂದಿಸಿ ತಂದ ನಿಯಮಗಳೂ ಬಿದ್ದುಹೋದವು ಎಂದು. ಕೇಳಲು ಭಾರ ಇತ್ತು, ನಮ್ಮವರಲ್ಲೇ ಕೆಲವರು ಗಾಬರಿಯಾದರು. ಆ ತೀರ್ಪಿನ ಕಾರಣವೇ ಬೇರೆ. ಅರ್ಧದಷ್ಟು ರಾಜ್ಯಗಳ ಅನುಮೋದನೆ ಪಡೆದಿರಲಿಲ್ಲ, ಸಹಕಾರ ರಾಜ್ಯದ ವಿಷಯ ಎಂದು. ರಾಜ್ಯದ್ದೇ ವಿಷಯ ಎಂದಮೇಲೆ ನಮ್ಮ ವಿಧಾನಮಂಡಲ ಮಾಡಿದ ಕಾಯ್ದೆ ಗಟ್ಟಿಯಾಗಿ ನಿಲ್ಲುತ್ತದೆ. 69 ಅಂತೂ ಆ ತಿದ್ದುಪಡಿಗಿಂತ ಎಷ್ಟೋ ಹಿಂದಿನದು. ಇದನ್ನು ನಾನೇ ಎದ್ದು ನಿಂತು ಹೇಳಿದೆ. ಪಿಯುಸಿ ಓದಿದವನು ವಕೀಲರ ಎದುರು ಹೇಳಿದ್ದು, ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ತೋಟ ಮಾರಾಟ ಆಗದಂತೆ ನೋಡಿಕೊಂಡಿದ್ದು ಇನ್ನೊಂದು ಕೆಲಸ. ಆದೇಶ ಬರುವ ಮೊದಲೇ ಆಸ್ತಿ ಜಪ್ತಿಗೆ ಕೇಳಲು ಕಾಯ್ದೆಯಲ್ಲಿ ಅವಕಾಶ ಇದೆ, ಆದರೆ ಮಾರಲು ಹೊರಟಿದ್ದಾನೆ ಎಂಬುದಕ್ಕೆ ಆಧಾರ ಬೇಕು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಆಗಾಗ ಇಸಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರ, ತೆಗೆಯುತ್ತಿದ್ದೆ. ಒಂದು ತುಂಡು ಜಮೀನು ಹೆಂಡತಿಯ ಹೆಸರಿಗೆ ದಾನಪತ್ರ ಆಗಿದ್ದು ಕಂಡ ತಕ್ಷಣ ಅದನ್ನೇ ಲಗತ್ತಿಸಿ ಅರ್ಜಿ ಕೊಟ್ಟೆವು. ಉಳಿದ ತೋಟ ಜಪ್ತಿಗೆ ಬಂತು.

ನಿರ್ದೇಶಕರ ಪಾಲಿನ ದುಡ್ಡು ನಾನು ಅಂದುಕೊಂಡಿದ್ದಕ್ಕಿಂತ ಬೇಗ ಬಂತು. ಚುನಾವಣೆ ಹತ್ತಿರ ಇತ್ತು. ಸಂಘಕ್ಕೆ ಬಾಕಿ ಉಳಿಸಿಕೊಂಡವನಿಗೆ ಕಲಂ 29ಸಿ ಅಡ್ಡ ಬರುತ್ತದೆ, ನಾಮಪತ್ರವೇ ನಿಲ್ಲುವುದಿಲ್ಲ. ಎರಡು ಜನ ಅಡಿಕೆ ಮಾರಿ ಕಟ್ಟಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಕಾಸು ಮುಟ್ಟಿದವರಲ್ಲ, ಕುರುಡು ಸಹಿಗೆ ಬೆಲೆ ತೆತ್ತರು.

ಚುನಾವಣೆ ಎಂದಾಗ ನೆನಪಾಯಿತು. ಮಹಾಸಭೆಗಳಿಗೆ ಬಂದಿಲ್ಲ, ಕನಿಷ್ಠ ವ್ಯವಹಾರ ಮಾಡಿಲ್ಲ ಎಂದು ನಮ್ಮ ಕಡೆಯ ಬಹಳ ಜನರನ್ನು ಅನರ್ಹ ಮತದಾರರ ಪಟ್ಟಿಗೆ ಹಾಕಿದ್ದರು. ಬಂದವರ ಸಹಿಯನ್ನೇ ಹಾಜರಿ ಪುಸ್ತಕದಲ್ಲಿ ತೆಗೆದುಕೊಂಡಿರಲಿಲ್ಲ. ಈಗ ಸೆಪ್ಟೆಂಬರ್ ಮಹಾಸಭೆಗೆ ನಮ್ಮ ಹುಡುಗರು ಇಡೀ ಸಭೆಯನ್ನು, ಬಾಗಿಲಿನಿಂದ ಹಿಡಿದು, ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ. ಹಾಜರಿ ಪುಸ್ತಕದ ಪ್ರತಿ ಪುಟಕ್ಕೂ ಸಭೆ ಮುಗಿಯುವ ಮೊದಲೇ ಫೋಟೋ. ಕರಡು ಪಟ್ಟಿಗೆ ಆಕ್ಷೇಪಣೆ ಹಾಕುವಾಗ ಇದು ಬಹಳ ಕೆಲಸಕ್ಕೆ ಬಂತು. ಇದರ ಕಥೆ ದೊಡ್ಡದು, ಇನ್ನೊಮ್ಮೆ ಬರೆಯುತ್ತೇನೆ.

ಖರ್ಚು ಕೇಳುವವರಿಗೆ: ದಾವೆಯ 18,000 ಸೇರಿಸಿ ಒಟ್ಟು 55ರಿಂದ 60 ಸಾವಿರ ಆಗಿರಬೇಕು. ಜೆರಾಕ್ಸಿಗೆ, ಅಂಚೆಗೆ, ದಾವಣಗೆರೆ ಬಸ್ಸಿಗೆ ಹೋಗಿದ್ದೇ ಜಾಸ್ತಿ. ಬಂದ 23 ಲಕ್ಷದಲ್ಲಿ ಮೊದಲು ಸದಸ್ಯರ ಸಾಲದ ಖಾತೆಗಳನ್ನು ಸರಿ ಮಾಡಿ, ಎಲ್ಲರಿಗೂ ಬಾಕಿ ಇಲ್ಲದ ಪ್ರಮಾಣಪತ್ರ ಕೊಟ್ಟೆವು. ಉಳಿದ 8 ಲಕ್ಷ ಕಾರ್ಯದರ್ಶಿಯ ಮೇಲ್ಮನವಿಯಲ್ಲಿ ನಿಂತಿದೆ. ತೋಟ ಜಪ್ತಿಯಲ್ಲೇ ಇದೆ. ಹೊಸದುರ್ಗ, ಜಗಳೂರು ಕಡೆಯಿಂದ ಕೆಲವರು ಬಂದು ಕೇಳುತ್ತಿದ್ದಾರೆ. ಬರುವವರು ಮನವಿ ಪತ್ರ ತರಬೇಡಿ, ರಸೀದಿ ತನ್ನಿ. ಅಸಲು ರಸೀದಿ, ಜೆರಾಕ್ಸ್ ಅಲ್ಲ.