ಮನ್ರೋ ಸೇವಾವಿವರ ಜೋಡಿಸುವಾಗ ನಾನು ಹಾಕಿಕೊಳ್ಳುವ ಎರಡು ಕಾಲಂ

ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿಯಾಗಿ ಬಂದು ಕೊನೆಗೆ ಮದ್ರಾಸಿನ ಗವರ್ನರ್ ಆದ ಥಾಮಸ್ ಮನ್ರೋನ ಸೇವಾವಿವರ ಜೋಡಿಸಲು ಕೂತಾಗ ಹಾಳೆಯಲ್ಲಿ ಎರಡು ಕಾಲಂ ಎಳೆಯುತ್ತೇನೆ: ಒಂದು ಸೈನ್ಯದ ದರ್ಜೆಗೆ, ಇನ್ನೊಂದು ಮಾಡಿದ ಕೆಲಸಕ್ಕೆ. ಕಲೆಕ್ಟರಾದ ಮೇಲೂ ಆತ ಸೈನ್ಯ ಬಿಟ್ಟಿರಲಿಲ್ಲ. ಕಂದಾಯ ನೋಡಿಕೊಳ್ಳುತ್ತಲೇ 1800ರಲ್ಲಿ ಮೇಜರ್, 1804ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆದ. ಎರಡನ್ನೂ ಒಂದೇ ಸಾಲಿಗೆ ತುರುಕಿದರೆ 'ಮೇಜರ್ ಮನ್ರೋ', 'ಕಲೆಕ್ಟರ್ ಮನ್ರೋ' ಇಬ್ಬರು ಮನುಷ್ಯರಾಗಿಬಿಡುತ್ತಾರೆ.

ಕೆಲಸದ ಕಾಲಂ ಹೀಗೆ ಸಾಗುತ್ತದೆ. 1780ರಲ್ಲಿ ಕಂಪನಿಯ ಕೆಡೆಟ್ ಆಗಿ ಮದ್ರಾಸಿಗೆ, ಬಂದ ವರ್ಷವೇ ಹೈದರಾಲಿಯೊಡನೆ ಯುದ್ಧ. 1792ರಿಂದ ಬಾರಾಮಹಲಿನಲ್ಲಿ (ಇಂದಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿ ಸೀಮೆ) ಕಂಪನಿಯ ಅಧಿಕಾರಿ ಅಲೆಕ್ಸಾಂಡರ್ ರೀಡ್ ಕೈಕೆಳಗೆ. ಕಂದಾಯದ ಕೆಲಸ ಕಲಿತದ್ದು ಅಲ್ಲೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ. ಆಗಿನ ಕೆನರಾದಲ್ಲಿ ಇಂದಿನ ಉತ್ತರ ಕನ್ನಡ, ದಕ್ಷಿಣ ಕನ್ನಡ ಎರಡೂ ಸೇರಿದ್ದವು. 1800ರಿಂದ 1807ರವರೆಗೆ ನಿಜಾಮ ಬಿಟ್ಟುಕೊಟ್ಟ ದತ್ತ ಮಂಡಲ: ಬಳ್ಳಾರಿ, ಅನಂತಪುರ, ಕಡಪ ಸೀಮೆ.

ಈ ಏಳು ವರ್ಷಗಳಿಗೆ ಹೆಚ್ಚು ಜಾಗ ಕೊಡಿ. ಹೊಲ ಹೊಲವನ್ನೂ ಅಳೆಸಿದ್ದು ಇಲ್ಲೇ. ಸರಪಳಿ 33 ಅಡಿಯದು. 33ನ್ನು 33ರಿಂದ ಗುಣಿಸಿದರೆ 1,089 ಚದರಡಿ. ಅಂಥ 40 ಚೌಕ ಸೇರಿದರೆ 43,560, ಅಂದರೆ ಒಂದು ಎಕರೆ. ಪಹಣಿ ನೋಡಿ ಬಲ್ಲವರಿಗೆ ಆ ಚೌಕ ಗೊತ್ತು, ಅದೇ ನಮ್ಮ ಗುಂಟೆ.

ಇಸವಿಯಲ್ಲಿ ಎಡವುವುದು ಫಸಲಿಯಿಂದ, ಅಂದರೆ ಕಂದಾಯ ಲೆಕ್ಕದ ವರ್ಷದಿಂದ. ಕಂದಾಯ ಕಾಗದದ ಫಸಲಿಗೆ 590 ಕೂಡಿಸಬೇಕು, ಆದರೆ ಫಸಲಿ ಶುರುವಾಗುವುದು ಜುಲೈಯಲ್ಲಿ. ಫಸಲಿ 1210 ಅಂದರೆ 1800ರ ಜುಲೈಯಿಂದ 1801ರ ಜುಲೈವರೆಗೆ. ಬರೀ ಕೂಡಿಸಿ ಬಿಟ್ಟರೆ ಮಾರ್ಚ್ ತಿಂಗಳ ಪತ್ರ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ.

ರಾಘವೇಂದ್ರ ಸ್ವಾಮಿಗಳು ಮನ್ರೋಗೆ ದರ್ಶನ ಕೊಟ್ಟರೆಂಬ ಮಂತ್ರಾಲಯದ ಐತಿಹ್ಯ ಬರೆಯುವಾಗ 'ಗವರ್ನರ್ ಮನ್ರೋ' ಎಂದು ಹಾಕಿ ಪಕ್ಕದಲ್ಲೇ 1801 ಎಂದು ಬರೆಯುವವರು ಬಹಳ. ಆಗ ಆತ ಕಲೆಕ್ಟರ್. ಗವರ್ನರ್ ಆದದ್ದು 1820ರ ಜೂನಿನಲ್ಲಿ.

1807ರಿಂದ 1814ರವರೆಗಿನ ಬ್ರಿಟನ್ನಿನ ವಾಸವನ್ನು 'ರಜೆ' ಎಂದು ದಾಟಿಸಬೇಡಿ. ಗವರ್ನರ್ ಪದವಿಗೆ ದಾರಿಯಾದದ್ದು ಆ ವರ್ಷಗಳೇ ಎಂಬುದು ನನ್ನ ಅಭಿಪ್ರಾಯ. ಕಂಪನಿಯ ಸನದು (ಸರ್ಕಾರ ಕೊಟ್ಟ ಅಧಿಕಾರಪತ್ರ) ನವೀಕರಣದ ಹೊತ್ತು, 1813ರಲ್ಲಿ ಪಾರ್ಲಿಮೆಂಟಿನೆದುರು ಸಾಕ್ಷ್ಯ ನುಡಿದ. 1814ರಲ್ಲಿ ನ್ಯಾಯಾಡಳಿತ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಮರಳಿದ. 1817–18ರಲ್ಲಿ ಮತ್ತೆ ಕತ್ತಿ: ಮರಾಠ ಪೇಶ್ವೆಯೊಡನೆಯ ಯುದ್ಧದಲ್ಲಿ ಧಾರವಾಡ, ಬಾದಾಮಿ, ಬೆಳಗಾವಿ ಕೋಟೆಗಳನ್ನು ಗೆದ್ದ. ಈ ಸಾಲನ್ನು ಎರಡೂ ಕಾಲಂನಲ್ಲಿ ಬರೆಯಬೇಕು.

ಕೊನೆಯ ಸಾಲು 1827 ಜುಲೈ 6. ದತ್ತ ಮಂಡಲದ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ಸಾವು. ಮಣ್ಣು ಮಾಡಿದ್ದು ಗುತ್ತಿಯಲ್ಲಿ, ಆಮೇಲೆ ಅವಶೇಷಗಳನ್ನು ಮದ್ರಾಸಿನ ಕೋಟೆಯ ಚರ್ಚಿಗೆ ಒಯ್ದರು.